4ಕೆ ಟಿವಿ ತರುವ ಮುಂಚೆ ಟೇಪು ಹಿಡಿಯಿರಿ

ಅಡಿಕೆ ದುಡ್ಡು ಕೈಗೆ ಬಂತು ಅಂದರೆ ಶಿರಸಿ ಪೇಟೆಯ ಟಿವಿ ಅಂಗಡಿಗಳಲ್ಲಿ ಗದ್ದಲ ಶುರು. ಮನೆಯಲ್ಲಿ ಚೆನ್ನಾಗಿರುವ ಫುಲ್ ಎಚ್‌ಡಿ ಟಿವಿ ಇದ್ದರೂ ಅದೇ ಅಳತೆಯ, ಆದರೆ ಚಿತ್ರದ ಚುಕ್ಕಿಗಳು ನಾಲ್ಕು ಪಟ್ಟು ಇರುವ 4ಕೆ ತಂದು, ವಾರ ಕಳೆಯುವುದರೊಳಗೆ 'ಏನೂ ಫರಕು ಕಾಣೂದಿಲ್ಲ ಮಾರಾಯ್ರೇ' ಅನ್ನುವವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಅವರಿಗಾಗಿಯೇ ಇದು.

ಮೊದಲು ದೂರ ಅಳೆಯಿರಿ. ಟಿವಿಯಿಂದ ನೀವು ದಿನಾ ಕೂರುವ ಕುರ್ಚಿಯವರೆಗೆ ಟೇಪು ಹಿಡಿಯಿರಿ. ಆಮೇಲೆ ಟಿವಿಯ ಇಂಚನ್ನು 8ರಿಂದ ಭಾಗಿಸಿ, ಬಂದದ್ದು ಅಡಿಯ ಲೆಕ್ಕ. 43 ಇಂಚಿಗೆ ಸುಮಾರು ಐದೂವರೆ ಅಡಿ, 55ಕ್ಕೆ 7, 65ಕ್ಕೆ 8. ಅದಕ್ಕಿಂತ ಹಿಂದೆ ಕೂತರೆ ಫುಲ್ ಎಚ್‌ಡಿಯ 20 ಲಕ್ಷ ಚುಕ್ಕಿಗಳನ್ನೇ ಕಣ್ಣು ಬಿಡಿಬಿಡಿಯಾಗಿ ಗುರುತಿಸುವುದಿಲ್ಲ, 4ಕೆಯ 83 ಲಕ್ಷ ಎಲ್ಲಿ ಕಾಣಬೇಕು? ನಮ್ಮ ಕಡೆ ಜಗಲಿಯ ಒಂದು ತುದಿಗೆ ಟಿವಿ, ಇನ್ನೊಂದು ತುದಿಗೆ ಕುರ್ಚಿ. ಹತ್ತು ಅಡಿ ಮಾಮೂಲು. ಅಂಥ ಜಗಲಿಗೆ 43 ಇಂಚಿನ 4ಕೆ ದುಡ್ಡು ದಂಡ. ದೊಡ್ಡ ಪರದೆಯೇ ಬೇಕು ಅಂದರೆ 55 ತಗೊಳ್ಳಿ. ಆ ಅಳತೆಯಲ್ಲಿ ಈಗ ಸಿಗುವುದು ಹೆಚ್ಚುಕಮ್ಮಿ 4ಕೆಯೇ.

ಎರಡನೆಯದು, ನೋಡುವುದೇನು? ಡಿಶ್‌ನ ಸಾಮಾನ್ಯ ಚಾನೆಲ್‌ನಲ್ಲಿ ಚಿತ್ರಕ್ಕೆ 576 ಅಡ್ಡ ಗೆರೆ, ಎಚ್‌ಡಿ ಚಾನೆಲ್‌ನಲ್ಲಿ 1080. 4ಕೆ ಪರದೆಯಲ್ಲಿರುವುದು 2160, ಉಳಿದದ್ದನ್ನು ಟಿವಿಯೇ ಅಂದಾಜಿನಲ್ಲಿ ತುಂಬಬೇಕು. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕಾದರೆ ಪ್ರೀಮಿಯಂ ಪ್ಲಾನ್ ಹಾಕಿಸಬೇಕು, ನೆಟ್‌ನ ವೇಗ 15 ಎಂಬಿಪಿಎಸ್ ಬರಬೇಕು. ಗಂಟೆಗೆ 7 ಜಿಬಿವರೆಗೆ ಹೋಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರ ದಿನದ 1.5 ಜಿಬಿ ಕಾಲು ಗಂಟೆಗೂ ಸಾಲದು. ಫೈಬರ್ ಬಾರದ ಊರಿನವರು ಇಲ್ಲಿಗೇ ನಿಲ್ಲಿಸಬಹುದು.

ಎಲ್ಲರೂ ಎಡವುವುದು ಅಂಗಡಿಯಲ್ಲಿ. ಅಲ್ಲಿ ಓಡುವುದು ಕಂಪನಿಯವರೇ ಕೊಟ್ಟ ವಿಡಿಯೊ. ಬಣ್ಣದ ಗಿಳಿ, ಜೇನು ಸುರಿಯುವುದು, ಹೂ ಅರಳುವುದು. ಪಿಕ್ಚರ್ ಮೋಡ್ ಕೂಡ 'ವಿವಿಡ್'ನಲ್ಲಿ ಇಟ್ಟಿರುತ್ತಾರೆ. ಅದನ್ನು ನೋಡಿ ಯಾವತ್ತೂ ದುಡ್ಡು ಕೊಡಬೇಡಿ. ನೀವೇ ಒಂದು ಪೆನ್‌ಡ್ರೈವ್ ಒಯ್ಯಿರಿ. ಅದರಲ್ಲಿ ಎರಡು ವಿಡಿಯೊ ಸಾಕು: ಮೊಬೈಲಿನಲ್ಲಿ 4ಕೆಗೆ ಇಟ್ಟು ತೆಗೆದದ್ದೊಂದು, ಮನೆಯಲ್ಲಿರುವ ಹಳೇ ಯಕ್ಷಗಾನದ ಸಿ.ಡಿ.ಯ ತುಣುಕೊಂದು. ಮೋಡ್ ಅನ್ನು 'ಸಿನಿಮಾ' ಅಥವಾ 'ಸ್ಟ್ಯಾಂಡರ್ಡ್'ಗೆ ಹಾಕಿಸಿ, ಮನೆಯಲ್ಲಿ ಅಳೆದ ಅಷ್ಟೇ ಅಡಿ ಹಿಂದೆ ನಿಂತು ನೋಡಿ. ವೇಷ ಗಿರಕಿ ಹೊಡೆಯುವಾಗ ಕಿರೀಟದ ಮಣಿಗಳು ಕಲಸಿಹೋಗುತ್ತವೆಯೇ? ಮುಖದ ಬಣ್ಣದ ಗೆರೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆಯೇ? ಹಾಗಾದರೆ ಹಳೇ ವಿಡಿಯೊವನ್ನು ಹಿಗ್ಗಿಸುವ ಕೆಲಸ ಆ ಟಿವಿಗೆ ಬರುವುದಿಲ್ಲ. ಬೇರೆಯದು ನೋಡಿ. ಅದೇ ತುಣುಕನ್ನು ಪಕ್ಕದ ಫುಲ್ ಎಚ್‌ಡಿಯಲ್ಲೂ ಹಾಕಿಸಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ದುಡ್ಡು ನಿಮ್ಮದು ಅಲ್ವಾ?

'ಎಚ್‌ಡಿಆರ್' (ಬೆಳಕು-ಕತ್ತಲಿನ ಫರಕು ಹೆಚ್ಚು ತೋರಿಸುವ ಚಿತ್ರ) ಸ್ಟಿಕರ್ ನೋಡಿ ಮರುಳಾಗಬೇಡಿ. ಕಡಿಮೆ ಬೆಲೆಯ ಟಿವಿಗಳು ಆ ಸಿಗ್ನಲ್ ತಗೊಳ್ಳುತ್ತವೆ, ತೋರಿಸುವಷ್ಟು ಬೆಳಕು ಅವುಗಳ ಪರದೆಗಿಲ್ಲ. ಗುರುತೇ ಇಲ್ಲದ ಕಂಪನಿಯ 4ಕೆಗಿಂತ ಒಳ್ಳೆಯ ಪರದೆಯ ಫುಲ್ ಎಚ್‌ಡಿಯೇ ಮೇಲು. 4ಕೆಗಿಂತಲೂ ಹೆಚ್ಚು ಚುಕ್ಕಿಗಳ 8ಕೆ ಬೇಡವೇ ಬೇಡ, ಅದರಲ್ಲಿ ನೋಡುವುದಕ್ಕೇ ಹೆಚ್ಚೇನೂ ಇಲ್ಲ. ಚಿನ್ನದ ಬಣ್ಣದ ದುಬಾರಿ ಎಚ್‌ಡಿಎಂಐ ಕೇಬಲ್ಲೂ ಸುಮ್ನೆ.

ಮನೆಗೆ ತಂದ ಮೇಲೆ ಸೆಟ್ಟಿಂಗ್‌ಗೆ ಹೋಗಿ 'ಮೋಷನ್' ಅಂತ ಇರುವುದನ್ನು (ಚಲನೆಯನ್ನು ನಯ ಮಾಡುವುದು) ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿ ತರ ಕಾಣುತ್ತದೆ. ಕಾರವಾರ, ಅಂಕೋಲಾ ಕಡೆ ಕಡಲಿನತ್ತ ತೆರೆದ ಕಿಟಕಿಯ ಹತ್ತಿರ ಟಿವಿ ಹಾಕಿಸಬೇಡಿ, ಉಪ್ಪುಗಾಳಿಗೆ ಹಿಂದಿನ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಗುಡುಗು ಕೇಳಿಸಿತು ಅಂದರೆ ಪ್ಲಗ್ ಜೊತೆಗೆ ಡಿಶ್ ವಯರನ್ನೂ ಎಳೆದಿಡಿ. ಸ್ಟೆಬಿಲೈಸರ್ ಸಿಡಿಲು ತಡೆಯುವುದಿಲ್ಲ.