ಕ್ರೂಸ್‌ನಲ್ಲಿ ಸಿಗರೇಟು ಹೊಗೆ ಬಾರದ ಕ್ಯಾಬಿನ್ ನಾನು ಹಿಡಿಯುವ ಬಗೆ

ಕಳೆದ ನಾಲ್ಕು ಪ್ರಯಾಣಗಳಲ್ಲಿ ನಾನು ಆರಿಸಿಕೊಟ್ಟ ಹನ್ನೊಂದು ಕ್ಯಾಬಿನ್‌ಗಳಿಗೆ ಒಂದು ರಾತ್ರಿಯೂ ಸಿಗರೇಟಿನ ಹೊಗೆ ನುಗ್ಗಿಲ್ಲ. ಎಲ್ಲವೂ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಿಂದ ಹೊರಡುವ ಹಡಗುಗಳು. ಹೆಚ್ಚಿನವು ಊರಿಂದ ಬಂದ ಅಪ್ಪ-ಅಮ್ಮಂದಿರಿಗಾಗಿ ಹಿಡಿದ ಕ್ಯಾಬಿನ್‌ಗಳು, ಅವರಲ್ಲಿ ಇಬ್ಬರಿಗೆ ಉಬ್ಬಸ. "ಕ್ಯಾಸಿನೊ ಇರೋ ಹಡಗಲ್ಲಿ ಹೊಗೆ ಇದ್ದದ್ದೇ ಬಿಡು" ಎಂದವರೇ ಈಗ ಡೆಕ್ ಪ್ಲಾನ್ (ಹಡಗಿನ ಮಹಡಿಗಳ ನಕ್ಷೆ) ಕಳಿಸಿ ಯಾವ ನಂಬರ್ ಹಿಡಿಯಲಿ ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ. ಇನ್‌ಸೈಡ್ (ಕಿಟಕಿ ಇಲ್ಲದ್ದು), ಓಷನ್‌ವ್ಯೂ (ಕಿಟಕಿ ಇರುವುದು), ಬಾಲ್ಕನಿ ಇವುಗಳ ವ್ಯತ್ಯಾಸ, ಡೆಕ್ ಪ್ಲಾನ್ ಓದುವುದು ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ನಿಯಮದ ಮಾತು ಮೊದಲು ಮುಗಿಸಿಬಿಡೋಣ. 2006ರ ಮಾರ್ಚ್‌ನಲ್ಲಿ ಜಮೈಕಾ ಹತ್ತಿರ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ಬೆಂಕಿ ಹೊತ್ತಿ ಒಬ್ಬ ಪ್ರಯಾಣಿಕ ತೀರಿಕೊಂಡರು, ಸಾಲು ಸಾಲು ಕ್ಯಾಬಿನ್ ಸುಟ್ಟವು. ಆರದ ಸಿಗರೇಟಿನ ತುಂಡೇ ಕಾರಣವಿರಬಹುದು ಎಂದು ತನಿಖೆ ಹೇಳಿತು. ಮುಂದೆ ಕ್ರೂಸ್ ಕಂಪನಿಗಳಾದ ಪ್ರಿನ್ಸೆಸ್ 2012ರಲ್ಲಿ, ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೇಜಿಯನ್ 2014ರಲ್ಲಿ ಬಾಲ್ಕನಿಯಲ್ಲೂ ಸೇದುವುದನ್ನು ನಿಲ್ಲಿಸಿದವು. ಸಿಕ್ಕಿಬಿದ್ದರೆ ಕಂಪನಿ ನೋಡಿಕೊಂಡು 250ರಿಂದ 500 ಡಾಲರ್ ದಂಡ. ಇಷ್ಟಾದ ಮೇಲೂ ಹೊಗೆ ಬರುವ ಜಾಗ ಮೂರು ಉಳಿದಿವೆ: ಕ್ಯಾಸಿನೊ, ತೆರೆದ ಡೆಕ್‌ನಲ್ಲಿ ಸೇದುವವರಿಗೆಂದು ಬಿಟ್ಟ ಮೂಲೆ, ಮತ್ತು ನಿಯಮ ಮುರಿದು ಬಾಲ್ಕನಿಯಲ್ಲಿ ಕದ್ದು ಸೇದುವ ಪಕ್ಕದ ಮನುಷ್ಯ. ಮೊದಲೆರಡನ್ನು ಕಾಗದದ ಮೇಲೆಯೇ ತಪ್ಪಿಸಬಹುದು. ಮೂರನೆಯದನ್ನು ಪೂರ್ತಿ ತಪ್ಪಿಸಲಾಗದು, ಅವನ ಹೊಗೆ ನಮ್ಮ ಕಡೆ ತಿರುಗದಂತೆ ಮಾತ್ರ ಮಾಡಿಕೊಳ್ಳಬಹುದು.

ದುಡ್ಡು ಹಾಕಿ ಬಗೆಹರಿಸುವ ದಾರಿಯೂ ಇದೆ. ಸೆಲೆಬ್ರಿಟಿ ಎಂಬ ಕಂಪನಿಯ ಹಡಗುಗಳ ಕ್ಯಾಸಿನೊದಲ್ಲಿ ಸೇದುವಂತಿಲ್ಲ, ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊವೇ ಇಲ್ಲ. ಆದರೆ ನಾಲ್ಕು ಜನರ ಕುಟುಂಬಕ್ಕೆ ನಾನು ಲೆಕ್ಕ ಹಾಕಿದಾಗಲೆಲ್ಲ ಡಿಸ್ನಿ ಹತ್ತಿರ ಹತ್ತಿರ ದುಪ್ಪಟ್ಟು ಬಂದಿದೆ. 1998ರಲ್ಲಿ ಕಾರ್ನಿವಲ್ ಪ್ಯಾರಡೈಸ್ ಎಂಬ ಹಡಗನ್ನು ಪೂರ್ತಿ ಸಿಗರೇಟು ಮುಕ್ತವಾಗಿಯೇ ನೀರಿಗಿಳಿಸಿದ್ದರು, ಸೇದಿದವರನ್ನು ಮುಂದಿನ ಬಂದರಿನಲ್ಲಿ ಇಳಿಸಿ ಕಳಿಸುತ್ತಿದ್ದರು. 2004ರಲ್ಲಿ ಅದನ್ನೂ ಕೈಬಿಟ್ಟರು. ಅಂಥದ್ದೊಂದು ಹಡಗು ಮತ್ತೆ ಬಂದರೆ ಮೊದಲ ಟಿಕೆಟ್ ನನ್ನದು.

ಈಗ ಕೆಲಸದ ಮಾತು. ಎಲ್ಲರಂತೆ ನಾನೂ ಮೊದಮೊದಲು ಮಾಡುತ್ತಿದ್ದ ತಪ್ಪೆಂದರೆ ಕ್ಯಾಸಿನೊ ಇರುವ ಡೆಕ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸುರಕ್ಷಿತ ಎಂದುಕೊಂಡದ್ದು. ಹೊಗೆ ಅಡ್ಡಡ್ಡ ಹೋಗುವುದಕ್ಕಿಂತ ಮೇಲೇರುವುದೇ ಹೆಚ್ಚು. ಮೆಟ್ಟಿಲ ಬಾವಿ, ಲಿಫ್ಟ್ ಓಡುವ ಕೊಳವೆ, ಏಟ್ರಿಯಂ (ಹಲವು ಡೆಕ್ ಎತ್ತರದ ತೆರೆದ ಹಜಾರ) ಇವು ಮೂರೂ ಅದಕ್ಕೆ ಚಿಮಣಿ ಇದ್ದಂತೆ. ಲಿಫ್ಟ್ ಏರಿಳಿದಾಗೆಲ್ಲ ಪಿಸ್ಟನ್ ಹಾಗೆ ಗಾಳಿಯನ್ನು ತಳ್ಳುತ್ತದೆ. ನಡುಭಾಗದ ಕ್ಯಾಬಿನ್ ಅಲುಗಾಡುವುದಿಲ್ಲ ಎಂದು ಜನ ಮುಗಿಬಿದ್ದು ಹಿಡಿಯುತ್ತಾರೆ. ನಾನೂ ಹಿಡಿದು, ಲಿಫ್ಟ್‌ನಿಂದ ನಾಲ್ಕನೇ ಬಾಗಿಲು ಸಿಕ್ಕಿತೆಂದು ಖುಷಿಪಟ್ಟಿದ್ದೆ. ಕ್ಯಾಸಿನೊ ಮೂರು ಡೆಕ್ ಕೆಳಗೆ, ಆದರೆ ಅದೇ ಮೆಟ್ಟಿಲು. ರಾತ್ರಿ ಹತ್ತರ ಮೇಲೆ ಕಾರಿಡಾರ್ ತುಂಬ ಕಮಟು. ಆ ಒಂದು ಆಯ್ಕೆಗೆ ತಲೆಗೆ ನೂರಿಪ್ಪತ್ತು ಡಾಲರ್ ಹೆಚ್ಚು ಕೊಟ್ಟಿದ್ದೆ.

ಹಾಗಾಗಿ ಈಗ ಎಲ್ಲ ಡೆಕ್‌ಗಳ ನಕ್ಷೆಯನ್ನೂ ಒಂದೇ ಅಳತೆಯಲ್ಲಿ ಪ್ರಿಂಟ್ ತೆಗೆದು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಕ್ಯಾಸಿನೊಗೆ ಕೆಂಪು ಬಳಿದು, ಅದಕ್ಕೆ ತಾಗಿದ ಮೆಟ್ಟಿಲು ಎಲ್ಲೆಲ್ಲಿ ಮೇಲೇರುತ್ತದೋ ಅಲ್ಲೆಲ್ಲ ಕೆಂಪು ಚುಕ್ಕೆ ಇಡುತ್ತೇನೆ. ರಾಯಲ್ ಕೆರಿಬಿಯನ್‌ನ ಓಯಸಿಸ್ ಸಾಲಿನ ಹಡಗುಗಳಲ್ಲಿ ಕ್ಯಾಸಿನೊ 4ನೇ ಡೆಕ್‌ನಲ್ಲಿ, ಅದರ ಮೇಲೆಯೇ 5ನೇ ಡೆಕ್‌ನ ಪ್ರಾಮನೇಡ್ ಎಂಬ ಅಂಗಡಿ ಸಾಲಿನ ಒಳಬೀದಿ. ಕೆಂಪು ಚುಕ್ಕೆಯ ಲಿಫ್ಟ್ ಹಜಾರದಿಂದ ಕನಿಷ್ಠ ಹನ್ನೆರಡು ಬಾಗಿಲು ದೂರ ಇರಬೇಕು, ಸಾಧ್ಯವಾದರೆ ಬೇರೆ ಬೆಂಕಿ ವಲಯದಲ್ಲೇ ಇರಬೇಕು. ಹಡಗನ್ನು ಉದ್ದಕ್ಕೆ ಸುಮಾರು 40 ಮೀಟರಿಗೊಂದರಂತೆ, ಹೆಚ್ಚೆಂದರೆ 48 ಮೀಟರ್, ಬೆಂಕಿ ತಡೆಯುವ ಗೋಡೆಗಳಿಂದ ವಲಯಗಳಾಗಿ ಹಂಚಿರುತ್ತಾರೆ. ಎಸಿ ಗಾಳಿಯ ಯಂತ್ರಗಳನ್ನು ಹಂಚುವುದೂ ಸಾಮಾನ್ಯವಾಗಿ ವಲಯದ ಲೆಕ್ಕದಲ್ಲೇ. ಕಾರಿಡಾರಿನಲ್ಲಿ ಗೋಡೆಯೊಳಗೆ ಮಡಚಿಕೊಂಡು ಆಯಸ್ಕಾಂತಕ್ಕೆ ಅಂಟಿ ನಿಂತ ದಪ್ಪ ಬಾಗಿಲು ಕಂಡರೆ ಅದೇ ವಲಯದ ಗಡಿ. ನಕ್ಷೆಯಲ್ಲಿ ಬಹಳಷ್ಟು ಸಲ ಅಲ್ಲಿ ಕಾರಿಡಾರ್ ಸ್ವಲ್ಪ ಕಿರಿದಾಗಿ ಕಾಣುತ್ತದೆ. ಆ ಬಾಗಿಲು ಸದಾ ತೆರೆದೇ ಇರುವುದರಿಂದ ಹೊಗೆಯನ್ನು ಅದು ತಡೆಯುವುದಿಲ್ಲ. ಆಚೆಗೆ ಬೀಸುವ ಗಾಳಿ ಬೇರೆ ಯಂತ್ರದ್ದು, ನಮಗೆ ಬೇಕಾದದ್ದು ಅದು.

ಮೇಲಿನ ತುದಿಯಲ್ಲೂ ಇದೇ ಎಚ್ಚರ ಬೇಕು. ಈಜುಕೊಳದ ಡೆಕ್‌ನ ನೇರ ಕೆಳಗಿನ ಬಾಲ್ಕನಿ ಹಿಡಿದರೆ ಮೇಲಿನ ಕಟಕಟೆಗೆ ಒರಗಿ ಸೇದುವವರ ಹೊಗೆ, ಬೂದಿ ಎರಡೂ ಇಳಿಯುತ್ತವೆ. ಮೇಲೆ ಎರಡು ಡೆಕ್, ಕೆಳಗೆ ಎರಡು ಡೆಕ್ ಬರೀ ಕ್ಯಾಬಿನ್‌ಗಳೇ ಇರುವ ಜಾಗ ನನ್ನ ಆಯ್ಕೆ. ಕೆಳಗಿನ ತೆರೆದ ಪ್ರಾಮನೇಡ್‌ನಲ್ಲಿ (ಹಡಗಿನ ಅಂಚಿನಲ್ಲಿ ನಡೆದಾಡುವ ಡೆಕ್) ಸೇದುವ ಮೂಲೆ ಇದ್ದರೆ ಅದರ ಮೇಲಿನ ಮೊದಲ ಎರಡು ಬಾಲ್ಕನಿ ಸಾಲುಗಳನ್ನು ಬಿಡುತ್ತೇನೆ. ನಡುವೆ ಲೈಫ್‌ಬೋಟ್ ಅಡ್ಡ ಇದೆಯಲ್ಲ ಎಂದು ನಂಬಬೇಡಿ, ಹೊಗೆ ಅದನ್ನು ಬಳಸಿಕೊಂಡು ಬರುತ್ತದೆ. ಸೇದುವ ಮೂಲೆ ಎಡಬದಿಗೋ ಬಲಬದಿಗೋ ಎನ್ನುವುದು ಕಂಪನಿ ಕಂಪನಿಗೆ, ಕೆಲವೊಮ್ಮೆ ಹಡಗು ಹಡಗಿಗೇ ಬೇರೆ. ಪ್ರತಿ ಸಲ ಹೊಸದಾಗಿ ನೋಡಿಕೊಳ್ಳಬೇಕು.

ಗಾಳಿಯ ಲೆಕ್ಕಕ್ಕೆ ಬರುತ್ತೇನೆ. ಡೆಕ್ ಪ್ಲಾನ್ ನೋಡುವವರು ನೂರು ಜನ ಇದ್ದಾರೆ, ಗಾಳಿಯ ದಿಕ್ಕು ನೋಡುವವರನ್ನು ನಾನು ಕಂಡಿಲ್ಲ. ಗ್ಯಾಲ್ವೆಸ್ಟನ್‌ನಿಂದ ಮೆಕ್ಸಿಕೋದ ಕೊಸುಮೆಲ್ ದ್ವೀಪಕ್ಕೆ ಹೋಗುವ ದಾರಿ ಆಗ್ನೇಯಕ್ಕೆ. ಮೆಕ್ಸಿಕೋ ಕೊಲ್ಲಿಯಲ್ಲಿ ವರ್ಷದ ಬಹುಪಾಲು ಗಾಳಿ ಬೀಸುವುದೂ ಪೂರ್ವ, ಆಗ್ನೇಯದಿಂದಲೇ. ಹೋಗುವಾಗ ಹಡಗಿನ ವೇಗ 18 ನಾಟ್ (ಗಂಟೆಗೆ ಇಷ್ಟು ಸಮುದ್ರ ಮೈಲಿ ಎಂಬ ಅಳತೆ), ಎದುರು ಗಾಳಿ 12 ನಾಟ್ ಎಂದಿಟ್ಟುಕೊಳ್ಳಿ, ಡೆಕ್ ಮೇಲೆ 30 ನಾಟ್ ಬೀಸುತ್ತದೆ. ಹೊಗೆ ನೇರವಾಗಿ ಹಿಂದಕ್ಕೆ ಹಾರಿ ಹೋಗುತ್ತದೆ, ಮುಂಭಾಗದವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಹಡಗಿನ ಹಿಂತುದಿಯಲ್ಲಿ ಗಾಳಿ ಸುಳಿ ತಿರುಗಿ ಒಳಕ್ಕೆ ಮಗುಚುತ್ತದೆ. ಹಿಂಭಾಗದ ಬಾಲ್ಕನಿಯಿಂದ ನೋಟ ಚೆಂದ, ಅದಕ್ಕೇ ಬೆಲೆಯೂ ಜಾಸ್ತಿ. ಅಲ್ಲಿ ಕೂತರೆ ಇಡೀ ಹಡಗಿನ ಸಿಗರೇಟು, ಜೊತೆಗೆ ಚಿಮಣಿಯ ಮಸಿ. ಈ ಪಾಠಕ್ಕೆ ನನಗೆ ತಗುಲಿದ್ದು ಎರಡು ಕ್ಯಾಬಿನ್ ಸೇರಿ ಸುಮಾರು 600 ಡಾಲರ್.

ವಾಪಸು ಬರುವಾಗ ಎಲ್ಲ ತಿರುವುಮುರುವು. ಅದೇ 12 ನಾಟ್ ಗಾಳಿ ಈಗ ಬೆನ್ನ ಹಿಂದೆ. 18ರಲ್ಲಿ 12 ಕಳೆದರೆ ಡೆಕ್ ಮೇಲೆ ಉಳಿದದ್ದು ಬರೀ 6 ನಾಟ್. ಹೊಗೆ ಎಲ್ಲಿ ಬಿಟ್ಟರೋ ಅಲ್ಲೇ ತೂಗಾಡುತ್ತದೆ, ನಿಧಾನಕ್ಕೆ ಮೇಲಿನ ಬಾಲ್ಕನಿಗಳಿಗೆ ಏರುತ್ತದೆ. "ಮೊದಲೆರಡು ದಿನ ಏನೂ ಇರಲಿಲ್ಲ, ಕೊನೇ ದಿನ ಕೂರೋಕಾಗಲಿಲ್ಲ" ಎಂಬ ದೂರಿನ ಗುಟ್ಟು ಇದು. ಕೊನೆಯ ಸಮುದ್ರದ ದಿನಕ್ಕೆ ಮುಂದೆಯೋ ಹಿಂದೆಯೋ ಎಂಬುದಕ್ಕಿಂತ ಸೇದುವ ಮೂಲೆಯಿಂದ ಎಷ್ಟು ಡೆಕ್ ದೂರ ಎಂಬುದು ಮುಖ್ಯ. ಚಳಿಗಾಲದಲ್ಲಿ ಟೆಕ್ಸಸ್ಸಿನವರು ನಾರ್ದರ್ ಎಂದು ಕರೆಯುವ ಉತ್ತರದ ಗಾಳಿ ಬಂದರೆ ಇಡೀ ಲೆಕ್ಕ ಉಲ್ಟಾ: ಹೋಗುವಾಗ ತೂಗುತ್ತದೆ, ಬರುವಾಗ ಹಾರುತ್ತದೆ. ಮಯಾಮಿಯಿಂದ ದಕ್ಷಿಣಕ್ಕೆ ಹೋಗುವವರಿಗೆ ಪೂರ್ವದ ಗಾಳಿ ಎಡಬದಿಗೆ ಬಡಿಯುತ್ತದೆ, ಉತ್ತರಕ್ಕೆ ಮರಳುವಾಗ ಬಲಬದಿಗೆ. ಅಲ್ಲಿ ಮಾತ್ರ ಎಡ-ಬಲದ ಆಯ್ಕೆಗೆ ಅರ್ಥವಿದೆ. ಗ್ಯಾಲ್ವೆಸ್ಟನ್ ದಾರಿಯಲ್ಲಿ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ಬಾಲ್ಕನಿಯಲ್ಲಿ ಕದ್ದು ಸೇದುವವನ ವಿಷಯವೂ ಇದೇ ಗಾಳಿಗೆ ಸೇರಿದ್ದು. ಹಡಗು ಓಡುವಾಗ ಹೊಗೆ ಹಿಂದಕ್ಕೆ ಹೋಗುವುದರಿಂದ ನಮಗೆ ತೊಂದರೆ ಕೊಡುವವನು ನಮ್ಮ ಮುಂದಿನ ಕ್ಯಾಬಿನ್‌ನವನು, ಹಿಂದಿನವನಲ್ಲ. ಎರಡು ಬಾಲ್ಕನಿಗಳ ನಡುವಿನ ತಟ್ಟಿ ನೆಲದಿಂದ ಎರಡು-ಮೂರು ಇಂಚು ಮೇಲಿರುತ್ತದೆ, ಕಟಕಟೆಯ ಕಡೆಗೂ ಸಂದು. ಅದರಿಂದ ಬಾಲ್ಕನಿ ಸಾಲು ಶುರುವಾಗುವ ಮೊದಲನೆಯ ಕ್ಯಾಬಿನ್ ನನಗೆ ಚಿನ್ನ. ಕೆಲವು ಹಡಗುಗಳ ಪಕ್ಕ ನಡುವೆ ಉಬ್ಬಿಕೊಂಡಿರುತ್ತದೆ. ಆ ಉಬ್ಬಿನ ಮುಂದಿನ ಓರೆಯಲ್ಲಿ ಮುಂದಕ್ಕೆ ಮುಖ ಮಾಡಿದ ಬಾಲ್ಕನಿ ಸಿಕ್ಕರೆ ತಾಜಾ ಗಾಳಿ ನೇರ ಮುಖಕ್ಕೆ. ಹಿಂದಿನ ಓರೆ ಮಾತ್ರ ಬೇಡ, ಅಲ್ಲಿ ಸುಳಿ. ಮುಂದಿನದ್ದಕ್ಕೂ ಒಂದು ತೊಡಕಿದೆ, 30 ನಾಟ್ ಗಾಳಿಯಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯಲಾಗದು. ಅಮ್ಮಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ. ಇಂಥ ಮೂರು ಹಡಗುಗಳ ಕ್ಯಾಬಿನ್ ನಂಬರ್ ನನ್ನ ಹತ್ತಿರ ಇವೆ. ಅವನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ವರ್ಷ ನಮ್ಮ ಮನೆಯವರಿಗೇ ಸಿಗುವುದಿಲ್ಲ.

ಬುಕಿಂಗ್‌ನಲ್ಲಿ ಎಡವುವುದು ಮೂರು ಕಡೆ. ಗ್ಯಾರಂಟಿ ಕ್ಯಾಬಿನ್ ಅಗ್ಗ ನಿಜ, ಆದರೆ ನಂಬರ್ ಕಂಪನಿ ಕೊಟ್ಟದ್ದು, ಉಳಿದು ಹೋದದ್ದೇ ಬರುತ್ತದೆ. ತಲೆಗೆ 70-80 ಡಾಲರ್ ಉಳಿಸಲು ಹೋಗಿ ಕ್ಯಾಸಿನೊ ಮೆಟ್ಟಿಲ ಬಾಯಲ್ಲೇ ಕೂತದ್ದಿದೆ. ಎರಡನೆಯದು ಹೆಚ್ಚಿನ ದರ್ಜೆಗೆ ಬಿಡ್ ಮಾಡುವುದು. ಬಿಡ್ ಗೆದ್ದರೆ ಎಚ್ಚರದಿಂದ ಆರಿಸಿದ ನಂಬರ್ ಹೋಗಿ ಎಲ್ಲೋ ಒಂದು ಕಡೆ ಬೀಳುತ್ತೀರಿ. ಏಜೆಂಟ್‌ಗೆ ಹೇಳಿ ಬುಕಿಂಗ್ ಮೇಲೆ "ಅಪ್‌ಗ್ರೇಡ್ ಬೇಡ" ಎಂದು ಗುರುತು ಹಾಕಿಸಿ, ಉಚಿತ ಅಪ್‌ಗ್ರೇಡ್ ಕೂಡ ಬೇಡ. ಮೂರನೆಯದು ನಡುಬಾಗಿಲು ಇರುವ ಜೋಡಿ ಕ್ಯಾಬಿನ್. ನಕ್ಷೆಯಲ್ಲಿ ಎರಡು ಕ್ಯಾಬಿನ್ ನಡುವೆ ಸಣ್ಣ ಬಾಣದ ಗುರುತು ಇರುತ್ತದೆ. ಆ ಬಾಗಿಲಿನ ಸಂದಿಯಿಂದ ಮಾತೂ ಬರುತ್ತದೆ, ಹೊಗೆಯೂ ಬರುತ್ತದೆ. ಪೂರ್ತಿ ಹಣ ಕಟ್ಟುವ ಗಡುವು ಬಹಳಷ್ಟು ಕಂಪನಿಗಳಲ್ಲಿ ಸುಮಾರು 75ರಿಂದ 90 ದಿನ ಮೊದಲು. ಆ ವಾರ ಜನ ರದ್ದು ಮಾಡಿ ಒಳ್ಳೆಯ ನಂಬರ್‌ಗಳು ಹೊರಬೀಳುತ್ತವೆ, ದಿನಕ್ಕೆರಡು ಸಲ ನೋಡಿ. ನನ್ನ ಹನ್ನೊಂದರಲ್ಲಿ ನಾಲ್ಕು ಸಿಕ್ಕಿದ್ದು ಹಾಗೆ, ಒಂದಕ್ಕೂ ಹೆಚ್ಚುವರಿ ಕೊಟ್ಟಿಲ್ಲ.

ಹತ್ತಿದ ಮೇಲಿನ ಪರೀಕ್ಷೆ ಟಿಶ್ಯೂ ಕಾಗದದ್ದು. ಗಾಳಿ ನೋಡಲು ಊದುಬತ್ತಿ ಸಲೀಸು, ಆದರೆ ಹಡಗಿನಲ್ಲಿ ಅದನ್ನು ಹಚ್ಚುವಂತಿಲ್ಲ, ತರುವಂತೆಯೂ ಇಲ್ಲ. ಟಿಶ್ಯೂವಿನ ಒಂದೇ ಪದರ ಬಿಡಿಸಿ ಬೆರಳಗಲ, ಗೇಣುದ್ದ ಹರಿದುಕೊಳ್ಳಿ. ಬಾಲ್ಕನಿ ಬಾಗಿಲು, ಬಚ್ಚಲ ಬಾಗಿಲು, ಕ್ಯಾಬಿನ್ ಬಾಗಿಲು ಮೂರನ್ನೂ ಮುಚ್ಚಿ, ಹೊರಬಾಗಿಲ ಕೆಳಸಂದಿಯ ಹತ್ತಿರ ಆ ಪಟ್ಟಿ ತೂಗು ಹಾಕಿ ಅರ್ಧ ನಿಮಿಷ ಕಾಯಿರಿ. ತುದಿ ಸಂದಿನ ಕಡೆ ಎಳೆದರೆ ಕ್ಯಾಬಿನ್ ಗಾಳಿ ಹೊರಗೆ ಹೋಗುತ್ತಿದೆ, ನಿಶ್ಚಿಂತೆ. ಒಳಗಡೆಗೆ ಹಾರಿದರೆ ಕಾರಿಡಾರಿನ ಗಾಳಿ ಒಳಗೆ ಬರುತ್ತಿದೆ. ಕಾರಣ ಬಹಳ ಸಲ ಒಂದೇ: ಬಚ್ಚಲ ಜಾಲರಿ ಎಳೆದುಕೊಳ್ಳುವಷ್ಟು ಗಾಳಿಯನ್ನು ಮೇಲ್ಛಾವಣಿಯ ಕಿಂಡಿ ಕೊಡುತ್ತಿಲ್ಲ. ಕಿಂಡಿ ಅರ್ಧ ಮುಚ್ಚಿರುತ್ತದೆ, ಇಲ್ಲವೇ ಧೂಳು ಕಟ್ಟಿರುತ್ತದೆ. ಗೆಸ್ಟ್ ಸರ್ವೀಸಸ್‌ಗೆ ಫೋನ್ ಮಾಡಿ "ಎಸಿ ಸರಿಯಿಲ್ಲ" ಎನ್ನಬೇಡಿ, ಬಂದವರು ತಣ್ಣಗಿದೆ ಎಂದು ಹೇಳಿ ಹೋಗುತ್ತಾರೆ. "ಗಾಳಿ ಬರುವ ಪ್ರಮಾಣ ಕಡಿಮೆ ಇದೆ, ಕಿಂಡಿ ತೆರೆದು ನೋಡಲು ಟೆಕ್ನಿಷಿಯನ್ ಕಳಿಸಿ" ಎನ್ನಿ. ಹತ್ತು ನಿಮಿಷದ ಕೆಲಸ. ಅಲ್ಲಿಯವರೆಗೆ ಒದ್ದೆ ಟವೆಲ್ ಸುರುಳಿ ಸುತ್ತಿ ಬಾಗಿಲ ಬುಡಕ್ಕಿಡಿ. ಹೊಗೆ ಪತ್ತೆ ಮಾಡುವ ಸಾಧನ, ಸ್ಪ್ರಿಂಕ್ಲರ್ ಇವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ರಾತ್ರಿ ಬಾಲ್ಕನಿ ಬಾಗಿಲು ತೆರೆದಿಟ್ಟು ಮಲಗಬೇಡಿ, ಹೊರಗಿನ ಗಾಳಿ ಕ್ಯಾಬಿನ್‌ನಿಂದ ಎಳೆದುಕೊಂಡರೆ ಕಾರಿಡಾರ್ ಪೂರ್ತಿ ನಿಮ್ಮ ಮೂಲಕ ಉಸಿರಾಡುತ್ತದೆ.

ಇನ್ನೊಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಅಮೆರಿಕದ ಬಂದರಿನಲ್ಲಿ ನಿಂತಾಗ ಕ್ಯಾಸಿನೊ ಮುಚ್ಚಿರುತ್ತದೆ. ಮಧ್ಯಾಹ್ನ ಹತ್ತಿದಾಗ ಮೂಗಿಗೆ ಏನೂ ತಾಗದಿದ್ದರೆ ಅದು ಲೆಕ್ಕಕ್ಕಿಲ್ಲ. ಮೊದಲ ರಾತ್ರಿ ಹತ್ತು-ಹನ್ನೊಂದರ ನಡುವೆ ತೆರೆದ ಡೆಕ್‌ನಲ್ಲಿ ಹತ್ತು ನಿಮಿಷ ನಿಂತು ಮೂಗು ಹಗುರ ಮಾಡಿಕೊಂಡು ನೇರ ಕಾರಿಡಾರಿಗೆ ಬನ್ನಿ. ಮೊದಲ ನಾಲ್ಕು ಉಸಿರಿನಲ್ಲಿ ಸಿಕ್ಕದ್ದೇ ಸತ್ಯ, ಆಮೇಲೆ ಮೂಗು ಒಗ್ಗಿಬಿಡುತ್ತದೆ. ಕ್ಯಾಬಿನ್ ಬದಲಿಸಿ ಕೇಳುವುದಿದ್ದರೆ ಅದೇ ರಾತ್ರಿ ಕೇಳಿ, ಹತ್ತದೇ ಹೋದವರ ಖಾಲಿ ಕ್ಯಾಬಿನ್‌ಗಳು ಆಗ ಅವರ ಪಟ್ಟಿಯಲ್ಲಿರುತ್ತವೆ.

ಯಂತ್ರಗಳ ಪ್ರಯೋಗವನ್ನೂ ಮಾಡಿ ನೋಡಿದೆ. 90 ಡಾಲರಿನ ಕೈಯಳತೆಯ ಪಿಎಂ 2.5 ಮೀಟರ್ (ಗಾಳಿಯಲ್ಲಿನ ಸೂಕ್ಷ್ಮ ಕಣ ಅಳೆಯುವ ಯಂತ್ರ) ಒಯ್ದೆ. ಮುಂಭಾಗದ ತೆರೆದ ಡೆಕ್‌ನಲ್ಲಿ ಹತ್ತರೊಳಗೆ, ಕ್ಯಾಸಿನೊ ದಾಟುವಾಗ ನೂರರ ಮೇಲೆ ತೋರಿಸಿದ ನೆನಪು. ಆದರೆ ಸಮುದ್ರದ ತೇವಕ್ಕೆ, ಅಡುಗೆಮನೆಯ ಹಬೆಗೂ ಅದು ಏರುತ್ತದೆ. ಬಾಲ್ಕನಿಯಲ್ಲಿ ಅದನ್ನು ನಂಬಬೇಡಿ, ಕಾರಿಡಾರಿನಲ್ಲಿ ನಂಬಬಹುದು. ಯುಎಸ್‌ಬಿಗೆ ಚುಚ್ಚುವ ಪುಟ್ಟ ಪ್ಯೂರಿಫೈಯರ್‌ಗೆ 60 ಡಾಲರ್ ಹಾಕಿದ್ದು ದಂಡ. ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆ, ವಾಸನೆ ಹಿಡಿಯುವುದು ಇದ್ದಿಲು. ಆ ಡಬ್ಬಿಯಲ್ಲಿ ಇದ್ದಿಲು ಒಂದು ಚಮಚವೂ ಇರಲಿಲ್ಲ. ವಿದ್ಯುತ್ ಕಣ ಬಿಟ್ಟು ಗಾಳಿ ಶುದ್ಧ ಮಾಡುತ್ತೇವೆನ್ನುವ ಅಯಾನೈಸರ್‌ಗಳು ಓಝೋನ್ ಅನಿಲ ಬಿಡಬಹುದು, ಉಬ್ಬಸದವರ ಹತ್ತಿರವೂ ಸುಳಿಸಬೇಡಿ.

ಬೆಂಗಳೂರಿನಿಂದ ಮುಂಬೈಗೆ ಹೋಗಿ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಹತ್ತುವ ಬಂಧುಗಳೂ ಕೇಳಿದ್ದರು. ಅದು 1990ರಲ್ಲಿ ಕಟ್ಟಿದ, ಹಿಂದೆ ರಾಯಲ್ ಕೆರಿಬಿಯನ್ ಓಡಿಸುತ್ತಿದ್ದ ಹಡಗು. ಬಾಲ್ಕನಿ ಕಡಿಮೆ, ಇನ್‌ಸೈಡ್ ಮತ್ತು ಓಷನ್‌ವ್ಯೂ ಕ್ಯಾಬಿನ್‌ಗಳೇ ಹೆಚ್ಚು. ಅಲ್ಲಿ ಗಾಳಿಯ ದಿಕ್ಕಿನ ಲೆಕ್ಕ ಅಷ್ಟಾಗಿ ಬೇಕಿಲ್ಲ, ಕೆಂಪು ಚುಕ್ಕೆಯ ಮೆಟ್ಟಿಲು ಮತ್ತು ಟಿಶ್ಯೂ ಪಟ್ಟಿ ಎರಡೇ ಸಾಕು. ಹಳೆಯ ಹಡಗುಗಳಲ್ಲಿ ಕ್ಯಾಬಿನ್ ಬಾಗಿಲಿನ ಕೆಳಭಾಗಕ್ಕೇ ಜಾಲರಿ ಕೂರಿಸಿರುವುದುಂಟು, ಪಟ್ಟಿಯನ್ನು ಮೊದಲು ಅಲ್ಲಿ ಹಿಡಿದು ನೋಡಿ.