ಗರುಡನ ಬಿಳಿ ತಲೆ ಕೆಡದಂತೆ ಫೋಟೊ ತೆಗೆಯುವುದು

ಶಿವಮೊಗ್ಗ ಬಳಿಯ ಗಾಜನೂರು ಹಿನ್ನೀರಿನ ಮೇಲೆ ಸುತ್ತುವ ಗರುಡನ ಫೋಟೊದಲ್ಲಿ ಹೆಚ್ಚಾಗಿ ಕೆಡುವುದು ತಲೆಯೇ. ಮೈ ಇಟ್ಟಿಗೆಗೆಂಪು, ತಲೆ-ಎದೆ ಬಿಳಿ. ಮೈಗೆ ಬೆಳಕು ಹೊಂದಿಸಿದರೆ ಎದೆಗರಿಗಳ ಸಣ್ಣ ಕಪ್ಪು ಗೀರುಗಳು ಅಳಿಸಿಹೋಗುತ್ತವೆ; ಎಡಿಟಿಂಗ್‌ನಲ್ಲಿ ಅವು ಮರಳಿ ಬಾರವು.

ಹಿಂದೆ ಕಾಡಿನ ಕಪ್ಪಿದ್ದರೆ ಕ್ಯಾಮೆರಾದ ಎಕ್ಸ್‌ಪೋಶರ್ (ಫೋಟೊದ ಬೆಳಕಿನ ಮಟ್ಟ) -1ಕ್ಕೆ ಇಳಿಸಿ. ಮೋಡದ ಬೆಳ್ಳನೆ ಆಕಾಶವಿದ್ದರೆ +1, ಇಲ್ಲದಿದ್ದರೆ ಹಕ್ಕಿ ಬರೀ ನೆರಳಾಗುತ್ತದೆ. ಶಟರ್ 1/2000 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ, ಕಂಟಿನ್ಯುಯಸ್ ಫೋಕಸ್ (ಹಾರುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಫೋಕಸ್), ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್).

ಬೆಳಗ್ಗೆ 9ರೊಳಗೆ ಮುಗಿಸಿ. ಬಿಸಿಲೇರಿದರೆ ಬಿಸಿಗಾಳಿಯ ಅಲೆಯಾಟಕ್ಕೆ ದೂರದ ಹಕ್ಕಿ ಮಸುಕಾಗುತ್ತದೆ, ಲೆನ್ಸ್ ಎಷ್ಟೇ ದುಬಾರಿಯಿರಲಿ.

ಎಡಿಟಿಂಗ್‌ನಲ್ಲಿ ಮೊದಲು ಹೈಲೈಟ್ (ತೀರಾ ಬೆಳಗಿದ ಭಾಗ) ಇಳಿಸಿ, ಆಮೇಲೆ ರೆಕ್ಕೆಯಡಿಯ ನೆರಳು ತುಸು ಎತ್ತಿ. ನಾಯ್ಸ್ (ಕಾಳುಕಾಳಾದ ಚುಕ್ಕೆ) ತೆಗೆಯುವುದು ಹಿನ್ನೆಲೆಗೆ ಮಾತ್ರ. ಶಾರ್ಪನಿಂಗ್ (ಅಂಚು ಸ್ಪಷ್ಟಗೊಳಿಸುವುದು) ಕಣ್ಣು, ಕೊಕ್ಕಿಗೆ ಸಾಕು. ಗೂಡಿನ ಹತ್ತಿರ ಮಾತ್ರ ಹೋಗಲೇಬೇಡಿ.