ಮನೆಯಲ್ಲೇ ಗಿಟಾರ್ ಕಲಿಯುವವರಿಗೆ: ಮೊದಲ ಮೂರು ತಿಂಗಳು

ಗುರುವಿನ ಎದುರು ಕುಳಿತು ಕಲಿಯುವವರಿಗೆ ತಪ್ಪು ನುಡಿಸಿದ ಕ್ಷಣದಲ್ಲೇ ತಿದ್ದುವವರಿರುತ್ತಾರೆ. ಒಬ್ಬರೇ ಕಲಿಯುವವರು ತಮ್ಮ ತಪ್ಪನ್ನು ತಾವೇ ಕೇಳಿಸಿಕೊಳ್ಳಬೇಕು. ಆದುದರಿಂದ ಇಲ್ಲಿ ಏನು ಮಾಡಬೇಕೆಂಬುದರ ಜೊತೆಗೆ, ಮಾಡಿದ್ದು ಸರಿಯಾಗಿದೆಯೇ ಎಂದು ಕಿವಿಯಿಂದಲೇ ಪರೀಕ್ಷಿಸುವ ಬಗೆಯನ್ನೂ ಹೇಳಿದ್ದೇನೆ. ಉಕ್ಕಿನ ತಂತಿಯ ಸಾಧಾರಣ ಅಕೌಸ್ಟಿಕ್ ಗಿಟಾರನ್ನು, ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ಮೀಟುವವರನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ.

ವಾದ್ಯ ಕೊಳ್ಳುವಾಗ ಅದರ ಬಣ್ಣ, ಹೊಳಪುಗಳಿಗಿಂತ ತಂತಿಯ ಎತ್ತರವನ್ನು ನೋಡಿ. ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಹನ್ನೆರಡನೇ ಫ್ರೆಟ್‌ನ ಮೇಲೆ ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪನೆಯದು, ಸುಮಾರು 2.5 ಮಿಲಿಮೀಟರ್ ಎತ್ತರದಲ್ಲಿದ್ದರೆ ಹೊಸಬರ ಬೆರಳಿಗೆ ಹಿತ. ನನ್ನ ಮೊದಲ ಗಿಟಾರಿನಲ್ಲಿ ಅದು 4 ಮಿಲಿಮೀಟರಿಗೂ ಹೆಚ್ಚಿತ್ತು. ಕೈಯಲ್ಲಿ ಬಲವಿಲ್ಲವೆಂದುಕೊಂಡು ಎರಡು ತಿಂಗಳು ಹೆಣಗಾಡಿದೆ. ಕೊನೆಗೆ ದುರಸ್ತಿ ಮಾಡುವವರು ತಂತಿಗಳನ್ನು ತಗ್ಗಿಸಿಕೊಟ್ಟ ದಿನವೇ ಅದುವರೆಗೆ ಮೂಡದಿದ್ದ ಸ್ವರಗಳು ಮೂಡಿದವು. ತಂತಿಯ ಕಟ್ಟು ಕೊಳ್ಳುವಾಗ ಮೊದಲನೇ ತಂತಿ 0.010 ಇಂಚಿನದಾಗಿರುವ ತೆಳು ಕಟ್ಟನ್ನೇ ಕೇಳಿ. ನೈಲಾನ್ ತಂತಿಗಾಗಿ ಮಾಡಿದ ಗಿಟಾರಿಗೆ ಮಾತ್ರ ಉಕ್ಕಿನ ತಂತಿ ಕಟ್ಟಲೇಬಾರದು. ಆ ಬಿಗಿತಕ್ಕೆ, ತಂತಿಗಳ ಬುಡವನ್ನು ಹಿಡಿದಿಡುವ ಬ್ರಿಜ್ ಕಿತ್ತು ಬರಬಹುದು.

ಇನ್ನು ಶ್ರುತಿ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ ಸ್ವರಗಳಿಗೆ ತಂತಿಗಳನ್ನು ಹೊಂದಿಸಬೇಕು. ಮೊಬೈಲಿನ ಟ್ಯೂನರ್ ಆ್ಯಪ್‌ನಿಂದ ಈ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೂ ಆ್ಯಪ್‌ನ ನೆರವನ್ನು ಆರನೇ ತಂತಿಗಷ್ಟೇ ಪಡೆದು, ಉಳಿದ ಐದನ್ನು ಕಿವಿಯಿಂದ ಹೊಂದಿಸುವುದನ್ನು ಮೊದಲ ವಾರದಿಂದಲೇ ಅಭ್ಯಾಸ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಆರನೇ ತಂತಿಯ ಐದನೇ ಫ್ರೆಟ್ ಒತ್ತಿ ಮೀಟಿದಾಗ ಬರುವ ಸ್ವರವೇ ಐದನೇ ತಂತಿಯನ್ನು ಒತ್ತದೆ ಮೀಟಿದಾಗಲೂ ಬರಬೇಕು. ಐದರಿಂದ ನಾಲ್ಕು, ನಾಲ್ಕರಿಂದ ಮೂರನೇ ತಂತಿಗೂ ಇದೇ ನಿಯಮ. ಮೂರರಿಂದ ಎರಡಕ್ಕೆ ಹೋಗುವಾಗ ಮಾತ್ರ ನಾಲ್ಕನೇ ಫ್ರೆಟ್, ಎರಡರಿಂದ ಒಂದಕ್ಕೆ ಮತ್ತೆ ಐದನೇ ಫ್ರೆಟ್. ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ, ಸ್ವರಗಳು ಹತ್ತಿರವಿದ್ದೂ ಸೇರದಿದ್ದರೆ ನಾದವು ಅಲೆಅಲೆಯಾಗಿ ಏರಿಳಿಯುತ್ತದೆ. ಬಿರಡೆಯನ್ನು ತಿರುಗಿಸುತ್ತಾ ಹೋದಂತೆ ಆ ಅಲೆ ನಿಧಾನವಾಗಿ, ಕೊನೆಗೆ ಅಡಗಿ, ಎರಡೂ ಒಂದೇ ನಾದವಾಗುತ್ತವೆ. ಆ ಅಲೆ ಅಡಗುವುದನ್ನು ಗುರುತಿಸಿದ ದಿನ ನಿಮ್ಮ ಕಿವಿ ಕೆಲಸ ಆರಂಭಿಸಿದೆಯೆಂದು ತಿಳಿಯಿರಿ. ಸ್ವರ ಮೇಲೇರಿ ಹೋದರೆ ತಂತಿಯನ್ನು ಚೆನ್ನಾಗಿ ಸಡಿಲಿಸಿ ಮತ್ತೆ ಕೆಳಗಿನಿಂದಲೇ ಏರಿಸಿಕೊಂಡು ಬನ್ನಿ, ಆಗ ಶ್ರುತಿ ಜಾರದೆ ನಿಲ್ಲುತ್ತದೆ.

ಬೆರಳನ್ನು ಫ್ರೆಟ್‌ನ ಲೋಹದ ಪಟ್ಟಿಯ ಮೇಲಲ್ಲದೆ, ಅದರ ಹಿಂದೆಯೇ, ಅಂದರೆ ಬಿರಡೆಗಳಿರುವ ಬದಿಗೆ, ಅಂಟಿಕೊಂಡಂತೆ ಇಡಬೇಕು. ದೂರ ಸರಿದಷ್ಟೂ ಹೆಚ್ಚು ಬಲ ಬೇಕಾಗುತ್ತದೆ. ಎಷ್ಟು ಬಲ ಸಾಕು ಎಂಬುದಕ್ಕೆ ಒಂದು ಪರೀಕ್ಷೆಯಿದೆ: ತಂತಿಯನ್ನು ಹಗುರವಾಗಿ ಮುಟ್ಟಿ, ಮೀಟುತ್ತಲೇ ಸ್ವಲ್ಪಸ್ವಲ್ಪವಾಗಿ ಒತ್ತುತ್ತಾ ಹೋಗಿ. ಮಂಕು ಸದ್ದು ಗರಗರವಾಗಿ, ಗರಗರ ಹೋಗಿ ಸ್ವಚ್ಛ ಸ್ವರ ಹೊಮ್ಮಿದ ಕಡೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಒತ್ತುವುದರಿಂದ ಕೈ ದಣಿಯುತ್ತದೆಯಷ್ಟೇ. ಎಡಗೈಯ ಉಗುರುಗಳು ಗಿಡ್ಡಗಿರಲಿ. ಬೆರಳ ತುದಿಯ ಉರಿ ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟು ಅಥವಾ ಮುಂಗೈ ನೋಯತೊಡಗಿದರೆ ಅಂದಿಗೆ ನಿಲ್ಲಿಸಿ, ಕುಳಿತ ಭಂಗಿಯನ್ನೂ ಹೆಬ್ಬೆರಳಿನ ಹಿಡಿತವನ್ನೂ ಸರಿಪಡಿಸಿಕೊಳ್ಳಿ.

ಕಾರ್ಡ್‌ಗಳ (ಹಲವು ಸ್ವರಗಳು ಒಟ್ಟಿಗೆ ನುಡಿಯುವ ಹಿಡಿತಗಳ) ಪಟ್ಟಿಗಳು ಎಲ್ಲೆಡೆ ಸಿಗುತ್ತವೆ, ಅವುಗಳ ರಾಶಿಯೇ ಹೊಸಬರನ್ನು ಕಂಗೆಡಿಸುತ್ತದೆ. ಮೊದಲ ತಿಂಗಳಿಗೆ ಇ ಮೈನರ್, ಎ ಮೈನರ್, ಸಿ ಮೇಜರ್ ಮೂರೇ ಸಾಕು. ಇ ಮೈನರ್‌ಗೆ ಐದನೇ ಮತ್ತು ನಾಲ್ಕನೇ ತಂತಿಗಳ ಎರಡನೇ ಫ್ರೆಟ್ ಒತ್ತಿ ಆರೂ ತಂತಿಗಳನ್ನು ಮೀಟಬಹುದು. ಎ ಮೈನರ್‌ಗೆ ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಉಂಗುರ ಬೆರಳು ಮೂರನೇ ತಂತಿಯ ಎರಡನೇ ಫ್ರೆಟ್‌ನಲ್ಲಿ ಕೂರಬೇಕು. ಐದನೇ ತಂತಿಯಿಂದ ಕೆಳಗೆ ಮೀಟಬೇಕು. ಇಲ್ಲಿಂದ ಸಿ ಮೇಜರ್‌ಗೆ ಹೋಗಲು ಉಂಗುರ ಬೆರಳೊಂದನ್ನೇ ಐದನೇ ತಂತಿಯ ಮೂರನೇ ಫ್ರೆಟ್‌ಗೆ ಸಾಗಿಸಿದರಾಯಿತು, ಉಳಿದೆರಡು ಬೆರಳುಗಳು ಕದಲಬೇಕಿಲ್ಲ. ಕದಲಬೇಕಿಲ್ಲದ ಬೆರಳನ್ನು ಎತ್ತದಿರುವುದೇ ಕಾರ್ಡ್ ಬದಲಾವಣೆಯ ಮುಖ್ಯ ಪಾಠ. ಕಾರ್ಡ್ ಹಿಡಿದ ಮೇಲೆ ಒಮ್ಮೆಲೇ ಬಾರಿಸದೆ ತಂತಿಗಳನ್ನು ಒಂದೊಂದಾಗಿ ಮೀಟಿ. ಯಾವುದು ಮಂಕಾಗಿದೆಯೋ ಅಲ್ಲಿ ಪಕ್ಕದ ಬೆರಳು ತಾಕುತ್ತಿದೆ ಅಥವಾ ಬೆರಳು ಫ್ರೆಟ್‌ನಿಂದ ದೂರ ಸರಿದಿದೆ. ಈ ಪರೀಕ್ಷೆ ಬೇಸರ ತರಿಸಿದರೂ ಗುರುವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಗುರುವನ್ನು ನಾನು ಕಂಡಿಲ್ಲ. ಜಿ ಮತ್ತು ಡಿ ಮೇಜರ್‌ಗಳು ಎರಡನೇ ತಿಂಗಳಿಗಿರಲಿ.

ಲಯಕ್ಕಾಗಿ, ಸಮಗತಿಯಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ನಾಲ್ಕು ಎಣಿಕೆಗೊಂದು ಕಾರ್ಡಿನಂತೆ, ಪ್ರತಿ ಎಣಿಕೆಗೂ ಕೆಳಮುಖವಾಗಿ ಒಂದೇ ಬಾರಿ ಮೀಟಿ. ಕಾರ್ಡ್ ಪೂರ್ತಿ ಕೂರದಿದ್ದರೂ ಬಲಗೈ ನಿಲ್ಲಕೂಡದು. ಒಂದು ಸ್ವರ ತಪ್ಪಿದರೆ ಕೇಳುವವರು ಗಮನಿಸದೇ ಇರಬಹುದು, ಲಯ ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷದ ಅಭ್ಯಾಸ ಬೆರಳಿಗೆ ಹೆಚ್ಚು ಹತ್ತುತ್ತದೆ.

ಬಾಲ್ಯದಲ್ಲಿ ಸ್ವಲ್ಪವಾದರೂ ಕರ್ನಾಟಕ ಸಂಗೀತ ಕಲಿತವರಿಗೆ ಒಂದು ದೊಡ್ಡ ಅನುಕೂಲವಿದೆ, ಇದನ್ನು ಯಾರೂ ಬಿಡಬಾರದು. ಐದನೇ ತಂತಿಯ ಮೂರನೇ ಫ್ರೆಟ್ಟನ್ನು ಷಡ್ಜವೆಂದಿಟ್ಟುಕೊಳ್ಳಿ. ನಾಲ್ಕನೇ ತಂತಿಯನ್ನು ಒತ್ತದೆ ಮೀಟಿದರೆ ರಿ, ಅದರ ಎರಡನೇ ಫ್ರೆಟ್ ಗ, ಮೂರನೇ ಫ್ರೆಟ್ ಮ. ಮೂರನೇ ತಂತಿ ಒತ್ತದೆ ಪ, ಅದರ ಎರಡನೇ ಫ್ರೆಟ್ ದ. ಎರಡನೇ ತಂತಿ ಒತ್ತದೆ ನಿ, ಅದರ ಒಂದನೇ ಫ್ರೆಟ್ ಮೇಲಿನ ಸ. ಇದು ಶಂಕರಾಭರಣದ ಸ್ವರಸ್ಥಾನ, ಪಾಶ್ಚಾತ್ಯರ ಸಿ ಮೇಜರ್ ಸ್ಕೇಲ್ ಕೂಡ ಇದೇ. ರಿಯನ್ನು ಐದನೇ ತಂತಿಯ ನಾಲ್ಕನೇ ಫ್ರೆಟ್‌ಗೂ ದವನ್ನು ಮೂರನೇ ತಂತಿಯ ಒಂದನೇ ಫ್ರೆಟ್‌ಗೂ ಬದಲಿಸಿದರೆ ಮಾಯಾಮಾಳವಗೌಳ ಸಿದ್ಧವಾಗುತ್ತದೆ, ಅಲ್ಲಿಗೆ ನಿಮ್ಮ ಸರಳೆ ವರಸೆಗಳೆಲ್ಲ ಗಿಟಾರಿನ ಅಭ್ಯಾಸಗಳಾಗುತ್ತವೆ. ಬಾಯಲ್ಲಿ ಹಾಡುತ್ತಾ ನುಡಿಸಿ; ಬೆರಳು ತಪ್ಪಿದ ಕೂಡಲೇ ಕಂಠ ಅದನ್ನು ತೋರಿಸಿಕೊಡುತ್ತದೆ.

ಮೂರನೇ ತಿಂಗಳ ಹೊತ್ತಿಗೆ ಎಫ್ ಮೇಜರ್ ಎದುರಾಗುತ್ತದೆ. ತೋರುಬೆರಳಿನಿಂದ ಆರೂ ತಂತಿಗಳನ್ನು ಒತ್ತಿ ಹಿಡಿಯುವ ಈ ಕಾರ್ಡಿನ ಬಳಿ ಎಷ್ಟೋ ಮಂದಿ ಗಿಟಾರನ್ನೇ ಬದಿಗಿಡುತ್ತಾರೆ. ಅವಸರಪಡಬೇಕಿಲ್ಲ. ನಾಲ್ಕನೇ ತಂತಿಯ ಮೂರನೇ ಫ್ರೆಟ್, ಮೂರನೇ ತಂತಿಯ ಎರಡನೇ ಫ್ರೆಟ್, ಎರಡನೇ ತಂತಿಯ ಒಂದನೇ ಫ್ರೆಟ್ ಒತ್ತಿ ಮೊದಲನೇ ತಂತಿಯನ್ನು ಹಾಗೆಯೇ ಬಿಟ್ಟು, ಕೆಳಗಿನ ನಾಲ್ಕು ತಂತಿಗಳನ್ನಷ್ಟೇ ಮೀಟಿದರೆ ಬರುವ ಎಫ್ ಮೇಜರ್ ಸೆವೆಂತ್ ಬಹಳಷ್ಟು ಹಾಡುಗಳಲ್ಲಿ ಅದರ ಜಾಗವನ್ನು ಚೆನ್ನಾಗಿಯೇ ತುಂಬುತ್ತದೆ.

ಮನೆಯವರು ಭಾವಗೀತೆ ಹಾಡುವಾಗ ಜೊತೆ ಕೊಡಬೇಕೆಂದಿದ್ದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕೇಪೊ ಎಂಬ ಕ್ಲಿಪ್ ಒಂದನ್ನು ಕೊಂಡಿಟ್ಟುಕೊಳ್ಳಿ. ಹಾಡುವವರ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದು ಆಗಿದ್ದರೆ, ಕೇಪೊವನ್ನು ಒಂದನೇ ಫ್ರೆಟ್‌ಗೆ ಬಿಗಿದು ನಿಮಗೆ ಗೊತ್ತಿರುವ ಸಿ ಮೇಜರ್ ಹಿಡಿತಗಳನ್ನೇ ನುಡಿಸಬಹುದು. ಬಿಳಿ ಎರಡಾದರೆ ಎರಡನೇ ಫ್ರೆಟ್, ಕಪ್ಪು ಎರಡಾದರೆ ಮೂರನೇ ಫ್ರೆಟ್. ಕೇಪೊ ಹಾಕಿದ ಮೇಲೆ ಶ್ರುತಿ ಕೊಂಚ ಏರಿರುತ್ತದೆ, ಹಾಡು ಆರಂಭಿಸುವ ಮುನ್ನ ಆರೂ ತಂತಿಗಳನ್ನು ಮತ್ತೊಮ್ಮೆ ಮೀಟಿ ನೋಡಿ.